ಖರ್ಚೆಷ್ಟು ಎಂದಷ್ಟೇ ಹೇಳಿದವರು

(ಓದುಗರ ಕೂಟವೊಂದರ ಭಾನುವಾರದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಸರ್ಕಾರಿ ಸೇವೆಯಲ್ಲಿದ್ದಾಗ ಕೆಲವು ವರ್ಷ ಒಂದು ಇಲಾಖೆಯಲ್ಲಿ ವಿಧೇಯಕಗಳ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ವಿಧೇಯಕ ಸದನಕ್ಕೆ ಹೋಗುವಾಗ ಅದರ ಹಿಂದೆ ಎರಡು ಬಾಲಂಗೋಚಿಗಳಿರುತ್ತವೆ. ಒಂದು, ಉದ್ದೇಶ ಮತ್ತು ಕಾರಣಗಳ ಹೇಳಿಕೆ. ಇನ್ನೊಂದು, ಆರ್ಥಿಕ ಜ್ಞಾಪನ ಪತ್ರ. ಈ ಕಾನೂನು ಬಂದರೆ ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಶಾಸಕರಿಗೆ ತಿಳಿಸುವ ಕಾಗದ ಅದು. ಅಲ್ಲಿ ನಾನು ‘ಪ್ರಸ್ತಾವಿತ ಶಾಸನ ಕ್ರಮವು ಯಾವುದೇ ಹೆಚ್ಚಿನ ವೆಚ್ಚವನ್ನು ಒಳಗೊಂಡಿರುವುದಿಲ್ಲ’ ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹಿಂದಿನ ಕಡತದಲ್ಲಿ ಹಾಗಿತ್ತು, ಈ ಕಡತದಲ್ಲೂ ಹಾಗೆಯೇ ಬರೆದೆ. ಒಂದು ಸಲ ಹೊಸ ಪ್ರಾಧಿಕಾರವೊಂದನ್ನೇ ಹುಟ್ಟುಹಾಕುವ ವಿಧೇಯಕ ಬಂತು. ಅಧ್ಯಕ್ಷರು, ಸದಸ್ಯರು, ಕಚೇರಿ, ವಾಹನ, ಸಿಬ್ಬಂದಿ ಎಲ್ಲವೂ ಅದರಲ್ಲಿತ್ತು. ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದ ನನ್ನನ್ನು ಕಂಡು ಮೇಲಧಿಕಾರಿಗಳು, “ಎಂದಿನಂತೆ ಬರೆಯಿರಿ, ಸದನದಲ್ಲಿ ಅದನ್ನು ಯಾರೂ ಓದುವುದಿಲ್ಲ” ಎಂದರು. ಬರೆದೆ. ಅವರ ಮಾತು ನಿಜವಾಯಿತು. ಯಾರೂ ಓದಲಿಲ್ಲ.

ಅಂಥದೇ ಒಂದು ಕಾಗದವನ್ನು ಇಡೀ ಸಂಸತ್ತು ಕಾದು ಕುಳಿತು ಓದುವಂತೆ ಮಾಡಿದವರೊಬ್ಬರಿದ್ದರು. ಅಮೆರಿಕದ ಆಲಿಸ್ ರಿವ್ಲಿನ್. 1931ರಲ್ಲಿ ಹುಟ್ಟಿದರು, 2019ರ ಮೇ 14ರಂದು ತೀರಿಕೊಂಡರು. ಸಂಸತ್ತಿನ ಬಜೆಟ್ ಕಚೇರಿಯ ಮೊದಲ ನಿರ್ದೇಶಕಿ, ಮುಂದೆ ಅಧ್ಯಕ್ಷ ಕ್ಲಿಂಟನ್ ಅವರ ಬಜೆಟ್ ಕಚೇರಿಯ ಮುಖ್ಯಸ್ಥೆ, ಅದಾದ ಮೇಲೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಉಪಾಧ್ಯಕ್ಷೆ. ಇಷ್ಟನ್ನೇ ಹೇಳಿ ಕುಳಿತರೆ ಸನ್ಮಾನ ಪತ್ರ ಓದಿದಂತಾಗುತ್ತದೆ. ನನಗೆ ಅವರ ಹುದ್ದೆಗಳಿಗಿಂತ, ಮೊದಲ ಹುದ್ದೆಯಲ್ಲಿ ಅವರು ತಮಗೆ ತಾವೇ ಹಾಕಿಕೊಂಡ ಒಂದು ಕಟ್ಟಳೆ ಮುಖ್ಯ. ಖರ್ಚು ಎಷ್ಟೆಂದು ಹೇಳಬೇಕು, ಮಾಡಬೇಕೋ ಬೇಡವೋ ಎಂದು ಹೇಳಕೂಡದು. ಈ ಒಂದು ಸಾಲಿನ ಸುತ್ತ ನನ್ನ ಇವತ್ತಿನ ಮಾತು.

ಒಂದು ಸಣ್ಣ ಸೂಚನೆ. ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮೂರಿನಲ್ಲಿ ಆ ಹೆಸರೆತ್ತಿದರೆ ಸಭೆ ಬೇರೆಯೇ ಹಾದಿ ಹಿಡಿಯುತ್ತದೆ. ಆದ್ದರಿಂದ ಸಂಸತ್ತು ಎಂದೇ ಹೇಳುತ್ತ ಹೋಗುತ್ತೇನೆ.

ಅಮೆರಿಕದ ಸಂವಿಧಾನ ಬೊಕ್ಕಸದ ಬೀಗದ ಕೈಯನ್ನು ಸಂಸತ್ತಿಗೆ ಕೊಟ್ಟಿದೆ. ಆದರೆ ಬೊಕ್ಕಸದೊಳಗಿನ ಹಣ ಎಣಿಸುವ ಜನ ಬಹುಕಾಲ ಅಧ್ಯಕ್ಷರ ಕಡೆ ಮಾತ್ರ ಇದ್ದರು. 1921ರ ಒಂದು ಕಾಯಿದೆ ಅಧ್ಯಕ್ಷರಿಗೆ ಬಜೆಟ್ ಬ್ಯೂರೋ ಒಂದನ್ನು ಕಟ್ಟಿಕೊಟ್ಟಿತು. ಸಂಸತ್ತಿಗೆ ಅಂಥದ್ದೇನೂ ಸಿಗಲಿಲ್ಲ. ಸಮಿತಿಗಳಲ್ಲಿ ಕೆಲವು ಅನುಭವಿ ಗುಮಾಸ್ತರು, ಸದಸ್ಯರ ಬಳಿ ಒಬ್ಬಿಬ್ಬರು ಸಹಾಯಕರು, ಅಷ್ಟೇ. ಅಧ್ಯಕ್ಷರು ಒಂದು ಯೋಜನೆಗೆ ಇಷ್ಟು ತಗಲುತ್ತದೆ ಎಂದರೆ ಅದಲ್ಲ ಎನ್ನಲು ಇವರ ಕೈಯಲ್ಲಿ ಲೆಕ್ಕವಿರಲಿಲ್ಲ.

ನಿಕ್ಸನ್ ಅಧ್ಯಕ್ಷರಾಗಿ ಬಂದ ಮೇಲೆ ಇದು ಜಗಳಕ್ಕೆ ತಿರುಗಿತು. 1972ರಲ್ಲಿ ಸಂಸತ್ತು ನದಿ ಕೆರೆಗಳ ನೀರನ್ನು ಶುದ್ಧಗೊಳಿಸುವ ಕಾಯಿದೆ ತಂದು, ಊರುಗಳ ಕೊಳಚೆ ನೀರಿನ ಘಟಕಗಳಿಗೆಂದು ಮೂರು ವರ್ಷಕ್ಕೆ 1,800 ಕೋಟಿ ಡಾಲರ್ ಗೊತ್ತುಮಾಡಿತು. ನಿಕ್ಸನ್ ಸಹಿ ಹಾಕಲು ಒಪ್ಪಲಿಲ್ಲ. ಅವರ ನಿರಾಕರಣೆಯನ್ನು ಸಂಸತ್ತು ಮೂರನೇ ಎರಡರಷ್ಟು ಮತದಿಂದ ತಳ್ಳಿಹಾಕಿತು. ಆಗ ಅವರು, ಅರ್ಧವನ್ನಷ್ಟೇ ಬಿಡುಗಡೆ ಮಾಡಿ ಎಂದು ಅಧಿಕಾರಿಗಳಿಗೆ ಆದೇಶ ಕೊಟ್ಟರು. ಮನೆಯ ಯಜಮಾನಿ ಮಗಳ ಮದುವೆಗೆಂದು ಎತ್ತಿಟ್ಟ ಹಣವನ್ನು ಬೀರುವಿನಿಂದ ತೆಗೆಯಲು ಬಿಡದ ಮಾವನವರ ಹಾಗೆ. ಈ ಸಿಟ್ಟಿನಿಂದ ಹುಟ್ಟಿದ್ದು 1974ರ ಬಜೆಟ್ ಕಾಯಿದೆ. ಹಣ ತಡೆಹಿಡಿಯುವ ಅಧ್ಯಕ್ಷರ ಕೈಗೆ ಅದು ಕಟ್ಟು ಹಾಕಿತು, ಎರಡೂ ಸದನಗಳಿಗೆ ಬಜೆಟ್ ಸಮಿತಿಗಳನ್ನು ಕೊಟ್ಟಿತು, ಆ ಸಮಿತಿಗಳ ಬೆನ್ನಿಗೆ ಒಂದು ಬಜೆಟ್ ಕಚೇರಿಯನ್ನು ನಿಲ್ಲಿಸಿತು. ವಾಟರ್‌ಗೇಟ್ ಹಗರಣದಲ್ಲಿ ಕುತ್ತಿಗೆವರೆಗೆ ಮುಳುಗಿದ್ದ ನಿಕ್ಸನ್ ಜುಲೈ 12ರಂದು ಅದಕ್ಕೆ ಸಹಿ ಹಾಕಿದರು. ಆಗಸ್ಟ್ 9ಕ್ಕೆ ಅಧಿಕಾರ ಬಿಟ್ಟು ಹೊರಟರು.

ಆ ಹೊಸ ಕಚೇರಿಗೆ ಯಾರು? ಇದಕ್ಕೆ ಉತ್ತರ ಹೇಳುವ ಮೊದಲು ರಿವ್ಲಿನ್ ಅಲ್ಲಿಯವರೆಗೆ ನಡೆದ ದಾರಿಯನ್ನು ಹೇಳಬೇಕು.

ತಂದೆ ಭೌತವಿಜ್ಞಾನಿ, ತಾತ ಖಗೋಳಶಾಸ್ತ್ರಜ್ಞ. ಅಳತೆಯ ಮನೆತನ. ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಾದರೂ ಬೆಳೆದದ್ದು ಇಂಡಿಯಾನಾದ ಬ್ಲೂಮಿಂಗ್‌ಟನ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿಗೆ ಇತಿಹಾಸ ಓದಲು ಹೋಗಿದ್ದ ಹುಡುಗಿ ಬೇಸಿಗೆ ರಜೆಯಲ್ಲಿ ಊರಿಗೆ ಬಂದು ಅರ್ಥಶಾಸ್ತ್ರದ ಒಂದು ತರಗತಿಯಲ್ಲಿ ಕುಳಿತರು, ಅಲ್ಲಿಗೆ ಇತಿಹಾಸ ಮುಗಿಯಿತು. ಪದವಿಯ ಬಳಿಕ ಯುರೋಪಿನಲ್ಲಿ ಯುದ್ಧಾನಂತರದ ಪುನರ್ನಿರ್ಮಾಣದ ಕಚೇರಿಯಲ್ಲಿ ಸಣ್ಣದೊಂದು ಕೆಲಸ ಮಾಡಿ, ಸಾರ್ವಜನಿಕ ಆಡಳಿತ ಓದೋಣವೆಂದು ಹಾರ್ವರ್ಡ್‌ಗೆ ಅರ್ಜಿ ಹಾಕಿದರು. ಮದುವೆಯ ವಯಸ್ಸಿನ ಹೆಣ್ಣು, ಸೇರಿಸಿಕೊಂಡರೆ ಸೀಟು ವ್ಯರ್ಥ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಇದನ್ನು ಅವರೇ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಅರ್ಥಶಾಸ್ತ್ರ ವಿಭಾಗದ ಬಾಗಿಲು ಮಾತ್ರ ತೆರೆದಿತ್ತು. 1958ರಲ್ಲಿ ಡಾಕ್ಟರೇಟ್ ಬಂತು, ಹಾರ್ವರ್ಡ್ ಹೆಸರಿನಲ್ಲಲ್ಲ, ಅದರ ಹೆಣ್ಣುಮಕ್ಕಳ ಕಾಲೇಜಾದ ರ್‍ಯಾಡ್‌ಕ್ಲಿಫ್ ಹೆಸರಿನಲ್ಲಿ.

ನನ್ನ ದೃಷ್ಟಿಯಲ್ಲಿ ಅವರನ್ನು ರೂಪಿಸಿದ್ದು ಆ ಪದವಿಯಲ್ಲ, 1966ರಿಂದ 1969ರವರೆಗೆ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯಲ್ಲಿ ಕಳೆದ ದಿನಗಳು. ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದ್ದ ಕಾಲ. ರಕ್ಷಣಾ ಇಲಾಖೆಯಲ್ಲಿ ಮೆಕ್‌ನಮಾರಾ ತಂದಿದ್ದ ಲೆಕ್ಕಾಚಾರದ ಪದ್ಧತಿಯನ್ನು ಎಲ್ಲ ಇಲಾಖೆಗಳೂ ಅನುಸರಿಸಬೇಕೆಂದು 1965ರಲ್ಲಿ ಅಪ್ಪಣೆಯಾಗಿತ್ತು. ಯಾವ ಯೋಜನೆಗೆ ಎಷ್ಟು ಖರ್ಚು, ಅದರಿಂದ ಯಾರಿಗೆ ಏನು ಸಿಕ್ಕಿತು? ಕ್ಷಿಪಣಿಗೆ ಹೇಳಬಹುದಾದ ಉತ್ತರವನ್ನು ಅಂಗನವಾಡಿಯಂಥದ್ದಕ್ಕೆ ಹೇಳುವುದು ಹೇಗೆ? ರಿವ್ಲಿನ್ ಯೋಜನೆ ಮತ್ತು ಮೌಲ್ಯಮಾಪನದ ಹೊಣೆ ಹೊತ್ತಿದ್ದರು. ಹಣ ಯಾರ ಕೈ ಸೇರುತ್ತಿದೆ ಎಂದು ಹೇಳಲು ನಾವು ಕಲಿತಿದ್ದೇವೆ, ಆದರೆ ಎರಡು ಯೋಜನೆಗಳಲ್ಲಿ ಯಾವುದು ಮೇಲು ಎಂದು ಹೇಳುವಷ್ಟು ತಿಳಿವಳಿಕೆ ನಮಗಿನ್ನೂ ಬಂದಿಲ್ಲ ಎಂಬರ್ಥದ ಮಾತನ್ನು ಅವರು 1971ರಲ್ಲಿ ಬರೆದರು. ನಾಲ್ಕು ವರ್ಷದ ಬಳಿಕ ಅವರು ಹಾಕಿಕೊಂಡ ಕಟ್ಟಳೆಯ ಬೀಜ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ತನಗೆ ಗೊತ್ತಿರುವುದರ ಗಡಿಯನ್ನು ಕಂಡವರಿಗೆ ಮಾತ್ರ ಬಾಯಿ ಬಿಗಿ ಹಿಡಿಯುವುದು ಸಾಧ್ಯ.

ಈಗ ನೇಮಕದ ಕಥೆ. ಮೇಲ್ಮನೆಯಾದ ಸೆನೆಟ್‌ನ ಬಜೆಟ್ ಸಮಿತಿಯ ಅಧ್ಯಕ್ಷ ಎಡ್ಮಂಡ್ ಮಸ್ಕಿ ರಿವ್ಲಿನ್ ಪರ ಇದ್ದರು. ಕೆಳಮನೆಯ ಸಮಿತಿಯ ಅಧ್ಯಕ್ಷ ಆಲ್ ಉಲ್ಮನ್‌ಗೆ ಬೇರೊಬ್ಬ ಹಿರಿಯ ಅಧಿಕಾರಿ ಬೇಕಾಗಿತ್ತು. ಹೆಂಗಸೊಬ್ಬಳು ಆ ಕುರ್ಚಿಯಲ್ಲಿ ಕೂರುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ ಎಂದು ರಿವ್ಲಿನ್ ನೆನೆಯುತ್ತಿದ್ದರು. ಎರಡು ಸದನಗಳ ನಡುವೆ ತಿಂಗಳುಗಟ್ಟಲೆ ಹಗ್ಗಜಗ್ಗಾಟ. ಅದನ್ನು ಬಿಡಿಸಿದ್ದು ಯಾವ ಸಂಧಾನವೂ ಅಲ್ಲ. 1974ರ ಅಕ್ಟೋಬರ್‌ನ ಒಂದು ನಡುರಾತ್ರಿ ವಾಷಿಂಗ್ಟನ್‌ನ ಟೈಡಲ್ ಬೇಸಿನ್ ಎಂಬ ಕೊಳದ ಪಕ್ಕ ಪೊಲೀಸರು ದೀಪ ಹಾಕದೆ ಓಡುತ್ತಿದ್ದ ಕಾರೊಂದನ್ನು ನಿಲ್ಲಿಸಿದರು. ಒಳಗಿದ್ದ ಫ್ಯಾನಿ ಫಾಕ್ಸ್ ಎಂಬ ಕ್ಯಾಬರೆ ನರ್ತಕಿ ಕೆಳಗಿಳಿದು ಓಡಿ ನೀರಿಗೆ ಹಾರಿದರು. ಕಾರಿನಲ್ಲಿದ್ದ ಇನ್ನೊಬ್ಬರು ವಿಲ್ಬರ್ ಮಿಲ್ಸ್. ತೆರಿಗೆ ಕಾನೂನುಗಳೆಲ್ಲ ಹುಟ್ಟುವ ಸಮಿತಿಯ ಅಧ್ಯಕ್ಷ, ಇಡೀ ಕೆಳಮನೆಯೇ ಹೆದರುತ್ತಿದ್ದ ಮನುಷ್ಯ. ಕೆಲವೇ ವಾರಗಳಲ್ಲಿ ಅವರು ಆ ಸ್ಥಾನ ಬಿಡಬೇಕಾಯಿತು. ಅಲ್ಲಿಗೆ ಉಲ್ಮನ್ ಏರಿದರು. ಖಾಲಿಯಾದ ಬಜೆಟ್ ಸಮಿತಿಗೆ ಬ್ರಾಕ್ ಆಡಮ್ಸ್ ಬಂದರು. ಅವರಿಗೆ ರಿವ್ಲಿನ್ ಬಗ್ಗೆ ತಕರಾರಿರಲಿಲ್ಲ. 1975ರ ಫೆಬ್ರುವರಿ 24ರಂದು ನೇಮಕವಾಯಿತು. ನನಗೆ ಕೆಲಸ ಕೊಡಿಸಿದ್ದು ಫ್ಯಾನಿ ಫಾಕ್ಸ್ ಎಂದು ರಿವ್ಲಿನ್ ನಗುತ್ತ ಹೇಳುತ್ತಿದ್ದರು. ಅರ್ಹತೆಯೊಂದೇ ಸಾಕು ಎಂದು ಮಕ್ಕಳಿಗೆ ಬೋಧಿಸುವ ನನ್ನಂಥವರಿಗೆ ಈ ಕಥೆ ಸ್ವಲ್ಪ ಮುಜುಗರ ತರುತ್ತದೆ. ಅರ್ಹತೆ ಬಾಗಿಲಲ್ಲಿ ಕಾಯುತ್ತ ನಿಂತಿತ್ತು ನಿಜ, ಚಿಲಕ ತೆಗೆದದ್ದು ಮಾತ್ರ ಬೇರೆ ಯಾರೋ.

ಕುರ್ಚಿ ಸಿಕ್ಕಿತು. ಆದರೆ ಆ ಕಚೇರಿ ಏನು ಮಾಡಬೇಕು ಎಂಬುದರಲ್ಲೇ ಎರಡು ಸದನಗಳಿಗೆ ಒಮ್ಮತವಿರಲಿಲ್ಲ. ರಿವ್ಲಿನ್ ಜೊತೆ ಮೊದಲ ದಿನಗಳಿಂದ ದುಡಿದು, ಮುಂದೆ ತಾವೇ ಅದರ ನಿರ್ದೇಶಕರಾದ ರಾಬರ್ಟ್ ರೈಶೌವರ್ ಇದನ್ನು ಒಂದು ಹೋಲಿಕೆಯಲ್ಲಿ ಹೇಳಿದ್ದಾರೆ. ಕೆಳಮನೆಗೆ ಬೇಕಾಗಿದ್ದದ್ದು ಬೀದಿಯ ಮ್ಯಾನ್‌ಹೋಲಿನಂಥದ್ದು. ಮುಚ್ಚಳ ಎತ್ತಿ ವಿಧೇಯಕವನ್ನು ಒಳಗೆ ಹಾಕಬೇಕು, ಒಳಗೆ ಏನೋ ಗರಗರ ಸದ್ದಾಗಬೇಕು, ಇಪ್ಪತ್ತು ನಿಮಿಷ ಬಿಟ್ಟು ಖರ್ಚಿನ ಚೀಟಿ ಮೇಲೆ ಬರಬೇಕು. ಒಳಗೆ ಯಾರಿದ್ದಾರೆಂದು ಯಾರಿಗೂ ಗೊತ್ತಾಗಬಾರದು. ನಾವಾದರೆ ಹಿಟ್ಟಿನ ಗಿರಣಿ ಎನ್ನುತ್ತಿದ್ದೆವೇನೋ. ಆದರೆ ಗಿರಣಿಯವನ ಮುಖ ಊರಿಗೆಲ್ಲ ಗೊತ್ತಿರುತ್ತದೆ, ಕಾಳು ಹಸಿಯಾಗಿದ್ದರೆ ಅವನು ಸುಮ್ಮನಿರುವುದಿಲ್ಲ. ರಿವ್ಲಿನ್ ಗಿರಣಿಯವರಾಗಲು ಒಪ್ಪಿದರು, ಮ್ಯಾನ್‌ಹೋಲ್ ಆಗಲು ಒಪ್ಪಲಿಲ್ಲ. ಖರ್ಚಿನ ಚೀಟಿಯ ಜೊತೆಗೆ ಆರ್ಥಿಕ ಸ್ಥಿತಿಯ ವರದಿಗಳನ್ನೂ ನೀತಿಗಳ ವಿಶ್ಲೇಷಣೆಯನ್ನೂ ಹೊರತಂದರು, ಪತ್ರಕರ್ತರನ್ನು ಕರೆದು ವಿವರಿಸಿದರು. ಕೆಲವು ಸಂಸದರು ಕೆರಳಿದರು, ಸಿಬ್ಬಂದಿಯ ಸಂಖ್ಯೆ ಇನ್ನೂರು ಮುಟ್ಟದಂತೆ ಹಿಡಿದರು.

ಈ ಕಡೆ ಇಷ್ಟು ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದವರು ಆ ಕಡೆ ಒಂದು ವಿಷಯದಲ್ಲಿ ಸಂಪೂರ್ಣ ಮೌನ ಹಿಡಿದರು. ಶಿಫಾರಸು ಮಾಡುವುದಿಲ್ಲ. ಕಾಯಿದೆ ಹಾಗೆ ವಿಧಿಸಿರಲಿಲ್ಲ. ಅದು ಅವರ ತೀರ್ಮಾನ. ಇಂಥ ದಾರಿ ಹಿಡಿದರೆ ಇಷ್ಟು, ಅಂಥ ದಾರಿ ಹಿಡಿದರೆ ಅಷ್ಟು. ಆರಿಸುವ ಕೆಲಸ ಮತ ಪಡೆದು ಬಂದವರದು. ಸಿಬ್ಬಂದಿಯನ್ನು ಆರಿಸುವಾಗ ಪಕ್ಷ ನೋಡಲಿಲ್ಲ, ಶಾಸಕರ ಶಿಫಾರಸು ಪತ್ರಗಳಿಗೆ ಬೆಲೆ ಕೊಡಲಿಲ್ಲ. ಕಚೇರಿಗೆ ಕೊನೆಗೆ ಸಿಕ್ಕಿದ್ದು ಹಿಂದೆ ಎಫ್‌ಬಿಐ ಬೆರಳಚ್ಚಿನ ಕಾರ್ಡುಗಳನ್ನು ಜೋಡಿಸಿಡುತ್ತಿದ್ದ ಹಳೆಯ ಕಟ್ಟಡ. ಇವತ್ತಿಗೂ ಅಲ್ಲೇ ಇದೆ.

ಖರ್ಚಿನ ಅಂದಾಜು ಎಂದರೆ ಕೂಡಿಸಿ ಕಳೆಯುವುದಲ್ಲವೇ ಎಂದು ನೀವು ಕೇಳಬಹುದು. ಮೊದಲು ಒಂದು ತಳರೇಖೆ ಎಳೆಯುತ್ತಾರೆ. ಈಗಿರುವ ಕಾನೂನುಗಳು ಹೀಗೆಯೇ ಮುಂದುವರಿದರೆ ಮುಂದಿನ ವರ್ಷಗಳಲ್ಲಿ ಆದಾಯ ಎಷ್ಟು, ವೆಚ್ಚ ಎಷ್ಟು? ಹೊಸ ವಿಧೇಯಕ ಬಂದರೆ ಆ ಗೆರೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ? ವ್ಯತ್ಯಾಸವೇ ವಿಧೇಯಕದ ಬೆಲೆ. ಕಾಗದದ ಮೇಲೆ ಇಷ್ಟೇ. ತೊಡಕಿರುವುದು ಮನುಷ್ಯರಲ್ಲಿ. ಕಾನೂನು ಬದಲಾದ ಕೂಡಲೇ ಜನರ ನಡತೆಯೂ ಬದಲಾಗುತ್ತದೆ. ಇವತ್ತು ನೂರು ಜನ ಬಳಸುವ ಸೌಲಭ್ಯವನ್ನು ನಾಳೆ ಪುಕ್ಕಟೆ ಮಾಡಿದರೆ ನೂರೇ ಜನ ಬರುವುದಿಲ್ಲ. ಎಷ್ಟು ಜನ ಬರುತ್ತಾರೆ ಎಂದು ಊಹಿಸುವುದೇ ಈ ಕಸುಬು. ಊಹೆಗೆ ಕಾರಣ ಕೊಡಬೇಕು, ಕಾರಣವನ್ನು ಎಲ್ಲರ ಮುಂದೆ ಇಡಬೇಕು.

1977ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕಾರ್ಟರ್ ದೊಡ್ಡದೊಂದು ಇಂಧನ ಯೋಜನೆಯನ್ನು ಮುಂದಿಟ್ಟಾಗ ಇದರ ಮೊದಲ ದೊಡ್ಡ ಪರೀಕ್ಷೆ ನಡೆಯಿತು. ಚಳಿ ನುಗ್ಗದಂತೆ ಮನೆಗಳಿಗೆ ಹೊದಿಕೆ ಹಾಕಿಸಿಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ, ಪೆಟ್ರೋಲ್ ನುಂಗುವ ಕಾರುಗಳ ಮೇಲೆ ತೆರಿಗೆ, ಕಾರ್ಖಾನೆಗಳು ಎಣ್ಣೆ ಮತ್ತು ಅನಿಲ ಬಿಟ್ಟು ಕಲ್ಲಿದ್ದಲಿಗೆ ಮರಳುವಂತೆ ಒತ್ತಡ. ಇದರಿಂದ ಇಷ್ಟು ಎಣ್ಣೆ ಉಳಿಯುತ್ತದೆ ಎಂದು ಸರ್ಕಾರ ಹೇಳಿತು. ರಿವ್ಲಿನ್ ಅವರ ಕಚೇರಿ ಲೆಕ್ಕ ಹಾಕಿ, ಅಷ್ಟು ಉಳಿಯುವುದಿಲ್ಲ ಎಂದಿತು. ಅಧ್ಯಕ್ಷರು ಡೆಮಾಕ್ರಟಿಕ್ ಪಕ್ಷದವರು, ಸಂಸತ್ತಿನ ಬಹುಮತ ಅವರದೇ, ರಿವ್ಲಿನ್ ಕೂಡ ಅದೇ ಪಕ್ಷದ ಒಲವಿನವರು. ಮನೆಯೊಳಗಿನವರೇ ಹೀಗೆ ಮಾಡಬಹುದೇ ಎಂದು ನಾಯಕರು ಗುರುಗುಟ್ಟಿದರು. ವಿರೋಧ ಪಕ್ಷದ ರಿಪಬ್ಲಿಕನ್ನರಿಗೆ ಆ ಕಚೇರಿಯ ಮೇಲೆ ಮೊದಲ ಬಾರಿಗೆ ನಂಬಿಕೆ ಹುಟ್ಟಿದ್ದು ಆವಾಗ.

ಆ ನಂಬಿಕೆಗೆ ನಾಲ್ಕೇ ವರ್ಷದ ಆಯುಸ್ಸು. 1981ರಲ್ಲಿ ರೇಗನ್ ಬಂದರು. ತೆರಿಗೆ ಇಳಿಸುತ್ತೇನೆ, ಸೇನೆಯ ವೆಚ್ಚ ಏರಿಸುತ್ತೇನೆ, 1984ರ ಹೊತ್ತಿಗೆ ಬಜೆಟ್ ಸರಿದೂಗಿಸುತ್ತೇನೆ ಎಂದರು. ಸರಿದೂಗುವುದಿಲ್ಲ, ಕೊರತೆ ಬೆಳೆಯುತ್ತದೆ ಎಂದು ಅದೇ ಹಳೆಯ ಕಟ್ಟಡದಿಂದ ಉತ್ತರ ಬಂತು. ಈ ಸಲ ಸಿಟ್ಟಾಗುವ ಸರದಿ ರಿಪಬ್ಲಿಕನ್ನರದು. 1983ರಲ್ಲಿ ಕೊರತೆ 20,000 ಕೋಟಿ ಡಾಲರ್ ದಾಟಿತು. ಇಲ್ಲೊಂದು ಮಾತು ಸೇರಿಸದಿದ್ದರೆ ನಾನು ಹಳೆಯ ಚಾಳಿಗೆ ಬಿದ್ದಂತಾಗುತ್ತದೆ. ರಿವ್ಲಿನ್ ಕಚೇರಿಯ ಅಂದಾಜೂ ನಿಜವಾದ ಕೊರತೆಗಿಂತ ಕಡಿಮೆಯೇ ಇತ್ತು. ಬರಲಿದ್ದ ಆರ್ಥಿಕ ಹಿಂಜರಿತ ಎಷ್ಟು ಆಳವೆಂಬುದು ಅವರಿಗೂ ಕಂಡಿರಲಿಲ್ಲ. ಇಬ್ಬರೂ ತಪ್ಪಿದರು, ಆದರೆ ಒಬ್ಬರು ತಮಗೆ ಬೇಕಾದ ದಿಕ್ಕಿಗೆ ತಪ್ಪಿದರು, ಇನ್ನೊಬ್ಬರು ಸುಮ್ಮನೆ ತಪ್ಪಿದರು. ಲೆಕ್ಕದ ಕೆಲಸದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಎಂಟು ವರ್ಷ ದುಡಿದು ರಿವ್ಲಿನ್ 1983ರಲ್ಲಿ ಹೊರಬಂದರು. ಮುಂದಿನ ಹತ್ತು ವರ್ಷದ ಅಧ್ಯಯನ, ಅಧ್ಯಾಪನಗಳನ್ನು ದಾಟಿ 1993ಕ್ಕೆ ಬರುತ್ತೇನೆ. ಅವರ ಬದುಕಿನ ಅತ್ಯಂತ ಸ್ವಾರಸ್ಯದ ಭಾಗ ಅದು. ಅಧ್ಯಕ್ಷ ಕ್ಲಿಂಟನ್ ರಿವ್ಲಿನ್ ಅವರನ್ನು ಶ್ವೇತಭವನದ ಬಜೆಟ್ ಕಚೇರಿಯ ಉಪನಿರ್ದೇಶಕಿಯಾಗಿ ಕರೆದರು. ಅಂದರೆ ಮೇಜಿನ ಆಚೆ ಬದಿಗೆ. ಆ ಫೆಬ್ರುವರಿಯಲ್ಲಿ ಸಂಸತ್ತನ್ನು ಉದ್ದೇಶಿಸಿ ಮಾತಾಡುತ್ತ ಕ್ಲಿಂಟನ್, ನಮ್ಮ ಲೆಕ್ಕವನ್ನಲ್ಲ, ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕವನ್ನೇ ಬಳಸುತ್ತೇನೆ ಎಂದಾಗ ವಿರೋಧ ಪಕ್ಷದ ಕಡೆಯಿಂದ ನಗು ಕೇಳಿಬಂತು. ಮರುವರ್ಷವೇ ಆ ಮಾತಿಗೆ ಬೆಲೆ ತೆರಬೇಕಾಯಿತು. ಕ್ಲಿಂಟನ್ ಅವರ ಆರೋಗ್ಯ ವಿಮೆ ಯೋಜನೆಯಲ್ಲಿ ಜನರು ಕಟ್ಟುವ ಕಂತುಗಳನ್ನು ಸರ್ಕಾರದ ಲೆಕ್ಕದಲ್ಲೇ ತೋರಿಸಬೇಕು ಎಂದು ಆಗ ಸಂಸತ್ತಿನ ಬಜೆಟ್ ಕಚೇರಿಯ ನಿರ್ದೇಶಕರಾಗಿದ್ದ ರೈಶೌವರ್ ತೀರ್ಪಿತ್ತರು. ಹಾಗೆ ತೋರಿಸಿದರೆ ಸರ್ಕಾರದ ಗಾತ್ರ ಬೆಳೆದಂತೆ ಕಾಣುತ್ತಿತ್ತು. ರಿವ್ಲಿನ್ ಅವರ ಹಳೆಯ ಸಹೋದ್ಯೋಗಿ! ಯೋಜನೆಗೆ ಆಗಲೇ ಬಿದ್ದಿದ್ದ ಪೆಟ್ಟುಗಳ ಮೇಲೆ ಅದೂ ಒಂದು.

1994ರ ಶರತ್ಕಾಲದಲ್ಲಿ ರಿವ್ಲಿನ್ ಶ್ವೇತಭವನದ ಬಜೆಟ್ ಕಚೇರಿಯ ಮುಖ್ಯಸ್ಥೆಯಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಅದೇ ಹೊತ್ತಿಗೆ ಅಧ್ಯಕ್ಷರಿಗೆಂದು ಅವರು ಬರೆದ ಗುಪ್ತ ಟಿಪ್ಪಣಿ ಸೋರಿತು. ಕೊರತೆ ತಗ್ಗಿಸಲು ಇರುವ ದಾರಿಗಳನ್ನೆಲ್ಲ ಅದರಲ್ಲಿ ಸಾಲಾಗಿ ಬರೆದಿದ್ದರು. ವೃದ್ಧರ ಪಿಂಚಣಿಗೆ ಕತ್ತರಿ, ತೆರಿಗೆ ಏರಿಕೆ ಎಲ್ಲವೂ ಇದ್ದವು. ಹಳೆಯ ಅಭ್ಯಾಸ, ಈ ದಾರಿ ಹಿಡಿದರೆ ಇಷ್ಟು, ಆ ದಾರಿ ಹಿಡಿದರೆ ಅಷ್ಟು. ಚುನಾವಣೆಗೆ ವಾರಗಳಷ್ಟೇ ಉಳಿದಿದ್ದವು. ನೋಡಿ, ಇವರು ವೃದ್ಧರ ಅನ್ನಕ್ಕೆ ಕೈ ಹಾಕುತ್ತಿದ್ದಾರೆ ಎಂದು ರಿಪಬ್ಲಿಕನ್ನರು ಊರೂರಿಗೆ ಸಾರಿದರು. ಸಂಸತ್ತಿಗೆ ಕೊಟ್ಟರೆ ಪ್ರಾಮಾಣಿಕ ಪಟ್ಟಿ ಎನಿಸಿಕೊಳ್ಳುವುದೇ ಅಧ್ಯಕ್ಷರಿಗೆ ಕೊಟ್ಟರೆ ಪಿತೂರಿ ಎನಿಸಿಕೊಂಡಿತು. ಮೇಜಿನ ಬದಿ ಬದಲಾದರೆ ಕಾಗದದ ಅರ್ಥವೂ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಬರೆದರು ಎಂದು ನಾನು ನಂಬುತ್ತೇನೆ.

ಆ ಚುನಾವಣೆಯಲ್ಲಿ ರಿಪಬ್ಲಿಕನ್ನರು ನಲವತ್ತು ವರ್ಷಗಳ ಬಳಿಕ ಕೆಳಮನೆಯನ್ನು ಗೆದ್ದರು. 1995ರ ಕೊನೆಗೆ ಬಜೆಟ್ ಜಗಳ, ಖರ್ಚಿಗೆ ಮಂಜೂರಾತಿ ಸಿಗದೆ ಸರ್ಕಾರಿ ಕಚೇರಿಗಳಿಗೆ ಬೀಗ ಬೀಳುವವರೆಗೆ ಹೋಯಿತು. ನವೆಂಬರ್‌ನ ಮೊದಲ ಬೀಗದ ಹೊತ್ತಿಗೆ ಸುಮಾರು 8 ಲಕ್ಷ ನೌಕರರು ಮನೆಗೆ ಹೋದರು. ಸ್ಪೀಕರ್ ಗಿಂಗ್ರಿಚ್ ಮತ್ತು ಸಂಗಡಿಗರ ಪಟ್ಟು ಏನಿತ್ತು? ಏಳು ವರ್ಷದಲ್ಲಿ ಬಜೆಟ್ ಸರಿದೂಗಬೇಕು, ಅದೂ ಶ್ವೇತಭವನದ ಲೆಕ್ಕದ ಪ್ರಕಾರವಲ್ಲ, ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕದ ಪ್ರಕಾರ. ಆ ಕಚೇರಿಯಲ್ಲಿ ಆಗ ಕುಳಿತಿದ್ದ ಜೂನ್ ಓನೀಲ್ ಒಂದು ಕಾಲದಲ್ಲಿ ರಿವ್ಲಿನ್ ಕೈಕೆಳಗೆ ಅಲ್ಲಿಯೇ ದುಡಿದವರು. ಇತ್ತ ರಿವ್ಲಿನ್ ಶ್ವೇತಭವನದ ಲೆಕ್ಕವನ್ನು ಸಮರ್ಥಿಸಿಕೊಳ್ಳಬೇಕು. ತಾನೇ ನೆಟ್ಟ ಮರದ ಕೊಂಬೆ ತನ್ನ ಮನೆಯ ಹೆಂಚಿನ ಮೇಲೇ ಬಿದ್ದ ಹಾಗೆ. ಎರಡನೆಯ ಬೀಗ 21 ದಿನ ಹಾಕಿತ್ತು. 1996ರ ಜನವರಿಯಲ್ಲಿ ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕದಲ್ಲೇ ಏಳು ವರ್ಷಕ್ಕೆ ಸರಿದೂಗುವ ಯೋಜನೆಯನ್ನು ಕ್ಲಿಂಟನ್ ಕೊಟ್ಟ ಮೇಲೆ ಕಚೇರಿಗಳ ಬಾಗಿಲು ತೆರೆಯಿತು. ಆ ಕಚೇರಿಯ ಅಂಕಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಎಂದೂ ಸಿಕ್ಕಿಲ್ಲ. ಸಿಕ್ಕಿದ್ದು ಅದನ್ನು ಕಟ್ಟಿದವರು ಎದುರಾಳಿಯ ಜಾಗದಲ್ಲಿದ್ದಾಗ.

ಅದೇ ವರ್ಷ ಫೆಡರಲ್ ರಿಸರ್ವ್‌ಗೆ ಉಪಾಧ್ಯಕ್ಷೆಯಾಗಿ ಹೋದರು, 1999ರವರೆಗೆ ಅಲ್ಲಿದ್ದರು. 1998ರಲ್ಲಿ, ದಿವಾಳಿಯ ಅಂಚಿಗೆ ಬಂದಿದ್ದ ವಾಷಿಂಗ್ಟನ್ ನಗರದ ಹಣಕಾಸನ್ನು ನೋಡಿಕೊಳ್ಳಲು ಸಂಸತ್ತು ರಚಿಸಿದ್ದ ಮಂಡಳಿಯ ಅಧ್ಯಕ್ಷತೆಯನ್ನೂ ವಹಿಸಿದರು. ಬೆಳಿಗ್ಗೆ ದೇಶದ ಬಡ್ಡಿದರ, ಸಂಜೆ ಊರಿನ ಶಾಲೆ, ಕಸ, ರಸ್ತೆ. 1998ರಲ್ಲಿ ಅಮೆರಿಕದ ಬಜೆಟ್ 1969ರ ಬಳಿಕ ಮೊದಲ ಸಲ ಉಳಿತಾಯ ಕಂಡಿತು. ಅದರ ಕೀರ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಾಲದ ಷೇರುಪೇಟೆಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಅವರ ಬಗ್ಗೆ ತಕರಾರುಗಳೂ ಇವೆ, ಅವುಗಳಲ್ಲಿ ಕೆಲವು ನನ್ನವೂ ಹೌದು. ಖರ್ಚನ್ನಷ್ಟೇ ಹೇಳುತ್ತೇನೆ ಎನ್ನುವವರ ತಟಸ್ಥತೆ ಪೂರ್ತಿ ತಟಸ್ಥವಲ್ಲ. ಮಗುವಿಗೆ ಲಸಿಕೆ ಹಾಕಿಸುವ ಖರ್ಚು ಈ ವರ್ಷದ ಪುಟದಲ್ಲಿ ಕಾಣುತ್ತದೆ, ಆ ಮಗು ಬೆಳೆದು ದುಡಿಯುವುದು ಯಾವ ಪುಟದಲ್ಲೂ ಕಾಣುವುದಿಲ್ಲ. ಬೆಲೆಪಟ್ಟಿ ಒಂದೇ ಎದುರಿಗಿದ್ದರೆ ಓದುಗನ ಕಣ್ಣು ತಾನಾಗಿಯೇ ಅಗ್ಗದ ಕಡೆ ಜಾರುತ್ತದೆ. ರಿವ್ಲಿನ್ ಕೊನೆಯವರೆಗೂ ಕೊರತೆಯ ಚಿಂತೆಯನ್ನೇ ಹೊತ್ತು ತಿರುಗಿದರು, ಆ ಚಿಂತೆಯ ಭಾರ ಬಡವರ ಯೋಜನೆಗಳ ಮೇಲೆ ಬೀಳುತ್ತದೆ ಎಂದು ಅವರ ಪಕ್ಷದ ಎಡಪಂಥೀಯರೇ ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ. ಆದರೂ ಬೆಲೆಪಟ್ಟಿಯೇ ಇಲ್ಲದ ಅಂಗಡಿಯಲ್ಲಿ ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತಿದ್ದ ನನಗೆ, ಪಟ್ಟಿ ಇದ್ದು ಅದರ ಬಗ್ಗೆ ಜಗಳವಾಗುವುದೇ ವಾಸಿ ಎನಿಸುತ್ತದೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಈಗ ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ, “ಅವರಿಗೆ ಎಂದೂ ಸಲಹೆ ಕೊಡಬೇಕು ಎನ್ನಿಸಲೇ ಇಲ್ಲವೇ?” ಎಂದು ಕೇಳಿದರು.

ಎನ್ನಿಸದೆ ಇರುತ್ತದೆಯೇ! ಆ ಕುರ್ಚಿ ಬಿಟ್ಟ ಮೇಲೆ ಸಲಹೆ ಕೊಡುವುದೇ ಅವರ ಕೆಲಸವಾಯಿತು. 2010ರಲ್ಲಿ ಕೊರತೆ ತಗ್ಗಿಸುವ ದಾರಿ ಹುಡುಕಲು ಅಧ್ಯಕ್ಷ ಒಬಾಮಾ ನೇಮಿಸಿದ 18 ಜನರ ಆಯೋಗದಲ್ಲಿ ಇದ್ದರು. ಅದರ ವರದಿಗೆ 11 ಮತ ಬಿತ್ತು, ಅವರದೂ ಸೇರಿ. ಬೇಕಾಗಿದ್ದದ್ದು 14. ಅದೇ ಕಾಲದಲ್ಲಿ ಹಳೆಯ ರಿಪಬ್ಲಿಕನ್ ಸೆನೆಟರ್ ಪೀಟ್ ಡೊಮೆನಿಚಿ ಜೊತೆ ಕೂತು ಇನ್ನೊಂದು ಯೋಜನೆ ಬರೆದರು. ಎರಡೂ ಕಪಾಟು ಸೇರಿದವು. ರಿಪಬ್ಲಿಕನ್ನರ ಪಾಲ್ ರಯಾನ್ ಜೊತೆಗೂ ವೃದ್ಧರ ಆರೋಗ್ಯ ವಿಮೆಯ ಬಗ್ಗೆ ಒಂದು ಪ್ರಸ್ತಾವ ಸಿದ್ಧಪಡಿಸಿದರು, ಮುಂದೆ ರಯಾನ್ ಅದನ್ನು ಬದಲಿಸಿಕೊಂಡಾಗ ಇದು ನಾನು ಒಪ್ಪಿದ್ದಲ್ಲ ಎಂದು ದೂರ ಸರಿದರು. ಸಲಹೆ ಕೊಡದೆ ಇದ್ದ ಎಂಟು ವರ್ಷಗಳಲ್ಲಿ ಅವರ ಮಾತು ನಡೆಯಿತು. ಸಲಹೆ ಕೊಟ್ಟ ವರ್ಷಗಳಲ್ಲಿ ಅಷ್ಟಾಗಿ ನಡೆಯಲಿಲ್ಲ.

ಎರಡನೆಯ ಪ್ರಶ್ನೆ ನಿವೃತ್ತ ಮೇಷ್ಟರೊಬ್ಬರದು. “ನಮ್ಮಲ್ಲಿ ಇಂಥ ಕಚೇರಿ ಏಕಿಲ್ಲ?”

ಕೆನಡಾ, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾಗಳ ಸಂಸತ್ತುಗಳು ಕಟ್ಟಿಕೊಂಡಿವೆ. ನಮ್ಮ ಸಂಸತ್ತಿಗೂ ಇಲ್ಲ, ವಿಧಾನಸಭೆಗೂ ಇಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದ್ದಾರೆ, ಆದರೆ ಅವರು ಬರುವುದು ಊಟ ಮುಗಿದು ಎಲೆ ಎತ್ತಿದ ಮೇಲೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯಿದೆ ತಂದ ಮೊದಲ ರಾಜ್ಯ ನಮ್ಮದೇ. ಕೊರತೆಗೆ ಮಿತಿ ಹಾಕಿಕೊಂಡೆವು, ಅಂಕಿಗಳನ್ನು ಬೇರೆಯವರು ನೋಡಲಿ ಎಂಬಲ್ಲಿಗೆ ಹೋಗಲಿಲ್ಲ. 2017ರಲ್ಲಿ ಎನ್.ಕೆ. ಸಿಂಗ್ ಸಮಿತಿ ಕೇಂದ್ರದ ಅಂಕಿಗಳನ್ನು ಹೊರಗಿನಿಂದ ನೋಡುವ ಒಂದು ವಿತ್ತೀಯ ಮಂಡಳಿ ಬೇಕೆಂದಿತು, ಅದು ಕಾಗದದಲ್ಲೇ ಉಳಿಯಿತು. ಪಿಆರ್‌ಎಸ್ ಎಂಬ ಸಂಸ್ಥೆ ಯುವಕರನ್ನು ಒಂದು ವರ್ಷದ ಮಟ್ಟಿಗೆ ಸಂಸದರ ಸಹಾಯಕರಾಗಿ ಕಳಿಸುತ್ತದೆ, ಒಳ್ಳೆಯ ಕೆಲಸ, ಆದರೆ ಕಚೇರಿಯೊಂದರ ಕೆಲಸವನ್ನು ಅವರಿಂದ ನಿರೀಕ್ಷಿಸಲಾಗದು. ಇನ್ನೊಂದು ತೊಡಕೂ ಇದೆ. ಅಮೆರಿಕದಲ್ಲಿ ಸಂಸತ್ತು ಬೇರೆ, ಸರ್ಕಾರ ಬೇರೆ. ನಮ್ಮಲ್ಲಿ ಬಹುಮತವಿದ್ದವರೇ ಸರ್ಕಾರ. ತಮ್ಮ ವಿಧೇಯಕದ ಖರ್ಚನ್ನು ಬೇರೆಯವರು ಎಣಿಸಲಿ ಎಂದು ಕೇಳುವ ಆಡಳಿತ ಪಕ್ಷ ಎಲ್ಲಿಂದ ಬರಬೇಕು? ಕೇಳಬೇಕಾದವರು ವಿರೋಧ ಪಕ್ಷದವರು, ಅವರು ಕೇಳುವುದಿಲ್ಲ, ಏಕೆಂದರೆ ನಾಳೆ ಅವರೇ ಆಡಳಿತ ಪಕ್ಷ.

ಕೊನೆಗೆ ಮುಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, “ಸರ್, ನೀವು ಮೊದಲು ಹೇಳಿದಿರಲ್ಲ, ಆ ಪ್ರಾಧಿಕಾರ. ಅದಕ್ಕೆ ಕೊನೆಗೆ ಎಷ್ಟು ಖರ್ಚಾಯಿತು ಎಂದು ನೋಡಿದಿರಾ?” ಎಂದು ಕೇಳಿದ.

ನೋಡಿದ್ದೆ. ವಿಧೇಯಕ ಅಂಗೀಕಾರವಾಗಿ ಕೆಲವು ತಿಂಗಳಿಗೆ ಅದರ ಹೆಸರಿನಲ್ಲಿ ಹೊಸ ಲೆಕ್ಕಶೀರ್ಷಿಕೆಯೊಂದು ತೆರೆಯಿತು. ಸಂಬಳ, ಬಾಡಿಗೆ, ವಾಹನ ಖರೀದಿ ಎಲ್ಲಕ್ಕೂ ಪೂರಕ ಅಂದಾಜಿನಲ್ಲಿ ಹಣ ಕೇಳಲಾಯಿತು. ಸದನ ಧ್ವನಿಮತದಿಂದ ಒಪ್ಪಿತು. ಹೆಚ್ಚಿನ ವೆಚ್ಚವಿಲ್ಲ ಎಂದು ಹಿಂದಿನ ಅಧಿವೇಶನದಲ್ಲಿ ಹೇಳಿದ್ದಿರಲ್ಲ ಎಂದು ಯಾರೂ ಕೇಳಲಿಲ್ಲ. ಆ ಪೂರಕ ಅಂದಾಜಿನ ವಿವರಣಾ ಟಿಪ್ಪಣಿಯನ್ನು ಬರೆದವನೂ ನಾನೇ.